ಕೈರೋ ನಗರದ ಅರವಟ್ಟಿಗೆ ಮತ್ತು ಅಕ್ಷರಶಾಲೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ದೂರದೇಶಗಳನ್ನು ಸುತ್ತುವ ಅನುಕೂಲವು ಎಲ್ಲರಿಗೂ ದೊರೆಯಲಾರದು. ಆದರೆ ಕೋಶವನ್ನು ಕೈಯಲ್ಲಿ ಹಿಡಿದು, ನಕ್ಷೆಯನ್ನು ಎದುರಿಗೆ ಹರಡಿಕೊಂಡು, ಒಂದು ಪರದೇಶದ ಬೀದಿಯಲ್ಲಿ ನಡೆಯುವುದು ಯಾವ ವಿದ್ಯಾರ್ಥಿಗೂ ಅಸಾಧ್ಯವಲ್ಲ. ಈ ಪಾಠದಲ್ಲಿ ನಾವು ಈಜಿಪ್ತ ದೇಶದ ರಾಜಧಾನಿಯಾದ ಕೈರೋ ನಗರದ ಹಳೆಯ ಇಸ್ಲಾಮೀ ಪೇಟೆಯನ್ನು ಒಬ್ಬ ಮಾರ್ಗದರ್ಶಿಯೊಡನೆ ನೋಡಿ ಬರೋಣ.

ಈಜಿಪ್ತವೆಂದೊಡನೆ ಪಿರಮಿಡ್ಡುಗಳ ನೆನಪಾಗುವುದು ಸಹಜ. ನಾವು ನೋಡಹೊರಟ ಪೇಟೆಯು ಅವುಗಳಿಗಿಂತ ಮೂರೂವರೆ ಸಾವಿರ ವರ್ಷ ಕಿರಿಯದು. ಕ್ರಿ. ಶ. 969ರಲ್ಲಿ ಫಾತಿಮೀ ವಂಶದ ಸೇನಾಪತಿಯಾದ ಜೌಹರನು ಈಜಿಪ್ತವನ್ನು ಗೆದ್ದು, ತನ್ನ ದೊರೆ ಖಲೀಫ ಅಲ್-ಮುಇಜ್ಜನಿಗಾಗಿ ಕೋಟೆಯುಳ್ಳ ಹೊಸ ನಗರವೊಂದನ್ನು ಕಟ್ಟಿಸಿದನು. ಅದಕ್ಕೆ ಅಲ್-ಕಾಹಿರಾ, ಎಂದರೆ ವಿಜಯಶಾಲಿನಿ, ಎಂಬ ಹೆಸರು ಬಂದಿತು. ಕೈರೋ ಎಂಬುದು ಆ ಹೆಸರಿನದೇ ರೂಪಾಂತರ. ಈ ಹಳೆಯ ನಗರವನ್ನು 1979ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಾರ್ಗದರ್ಶಿಗೆ ಕೇಳತಕ್ಕ ಮೂರು ಪ್ರಶ್ನೆಗಳು

ಈಜಿಪ್ತದಲ್ಲಿ ಪ್ರವಾಸಿಗಳ ಮಾರ್ಗದರ್ಶಿಯಾಗುವವನು ಸರಕಾರದ ಪರವಾನಗಿ ಪಡೆದಿರಬೇಕು. ಮೂರು ನಾಲ್ಕು ಜನ ಸೇರಿ ಒಬ್ಬ ಮಾರ್ಗದರ್ಶಿಯನ್ನು ತಮಗಾಗಿಯೇ ಗೊತ್ತುಮಾಡಿಕೊಳ್ಳುವುದುಂಟು. ಹಾಗೆ ಮಾಡುವವರು ಎಷ್ಟು ಹೊತ್ತು, ಯಾವ ಯಾವ ಸ್ಥಳ, ಎಷ್ಟು ಹಣ ಎಂಬ ಮೂರನ್ನೂ ಮೊದಲೇ ನಿಶ್ಚಯಿಸಿಕೊಳ್ಳುವುದು ಲೇಸು. ಶುಕ್ರವಾರ ಮಧ್ಯಾಹ್ನ ಮಸೀದಿಗಳಲ್ಲಿ ಸಾಮೂಹಿಕ ಪ್ರಾರ್ಥನೆ ಇರುವುದರಿಂದ ಆ ಹೊತ್ತನ್ನು ಬಿಡಬೇಕು. ಮಸೀದಿಯೊಳಗೆ ಪಾದರಕ್ಷೆ ಕಳಚಿಡಬೇಕು, ಮೈ ತುಂಬ ಉಡಿಗೆ ಇರಬೇಕು, ಸ್ತ್ರೀಯರು ತಲೆಯ ಮೇಲೆ ವಸ್ತ್ರ ಹೊದೆಯಬೇಕು.

ದೊಡ್ಡ ಗುಂಪಿನಲ್ಲಿ ಹೋದವನು ಮಾರ್ಗದರ್ಶಿ ಹೇಳಿದುದನ್ನು ಮಾತ್ರ ಕೇಳಿ ಬರುತ್ತಾನೆ. ಚಿಕ್ಕ ಗುಂಪಿನಲ್ಲಿ ಹೋದವನಿಗೆ ತನಗೆ ಬೇಕಾದಲ್ಲಿ ನಿಲ್ಲುವ ಮತ್ತು ಪ್ರಶ್ನೆ ಕೇಳುವ ಅವಕಾಶವಿದೆ. ಆದರೆ ಪ್ರಶ್ನೆಯನ್ನು ಮನೆಯಿಂದಲೇ ಒಯ್ಯಬೇಕು. ನಾವು ಮೂರು ಪ್ರಶ್ನೆಗಳನ್ನು ಒಯ್ಯೋಣ. ಒಂದು: ಈ ಕಟ್ಟಡವನ್ನು ಕಟ್ಟಿಸಿದವರು ಯಾರು? ಎರಡು: ಕಟ್ಟಿದ ಮೇಲೆ ಅದನ್ನು ನಡೆಸಿದ ಹಣ ಎಲ್ಲಿಂದ ಬಂದಿತು? ಮೂರು: ಇಂದು ಅದನ್ನು ಕಾಪಾಡುತ್ತಿರುವವರು ಯಾರು? ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಎಲ್ಲರೂ ಹೇಳುತ್ತಾರೆ. ಉಳಿದೆರಡನ್ನು ಕೇಳುವವರೇ ಕಡಿಮೆ.

ಉತ್ತರದ ಬಾಗಿಲಿನಿಂದ

ಅಲ್-ಮುಇಜ್ಜನ ಹೆಸರಿನ ಬೀದಿಯೇ ಈ ಪೇಟೆಯ ಬೆನ್ನೆಲುಬು. ಉತ್ತರದ ಬಾಬ್ ಅಲ್-ಫುತೂಹ್ ದ್ವಾರದಿಂದ ದಕ್ಷಿಣದ ಬಾಬ್ ಜುವೈಲಾ ದ್ವಾರದವರೆಗೆ ಸುಮಾರು ಒಂದೂವರೆ ಕಿಲೋಮೀಟರು. ಉತ್ತರದ ದ್ವಾರವನ್ನು 1087ರಲ್ಲಿ, ದಕ್ಷಿಣದ್ದನ್ನು 1092ರಲ್ಲಿ ವಜೀರ ಬದ್ರ್ ಅಲ್-ಜಮಾಲಿಯು ಕಲ್ಲಿನಿಂದ ಕಟ್ಟಿಸಿದನು. ಈತನು ಆರ್ಮೇನಿಯಾ ಮೂಲದವನು.

ದ್ವಾರವನ್ನು ದಾಟಿದೊಡನೆ ಎಡಗಡೆಗೆ ಅಲ್-ಹಾಕಿಮ್ ಮಸೀದಿ. 990ರಲ್ಲಿ ಆರಂಭವಾಗಿ 1013ರಲ್ಲಿ ಮುಗಿದ ಈ ದೊಡ್ಡ ಮಸೀದಿಯು ಕಾಲಾಂತರದಲ್ಲಿ ಹಾಳುಬಿದ್ದಿತು. 1798ರಲ್ಲಿ ಬಂದ ಫ್ರೆಂಚ್ ಸೈನ್ಯವು ಇದನ್ನು ಠಾಣೆಯಾಗಿ ಬಳಸಿತು. ಮುಂದೆ ಇದರ ಅಂಗಳದಲ್ಲಿ ಪ್ರಾಚ್ಯವಸ್ತು ಸಂಗ್ರಹಾಲಯವಿದ್ದಿತು, ಶಾಲೆಯೂ ಇದ್ದಿತು. ನಮ್ಮ ಮೂರನೆಯ ಪ್ರಶ್ನೆಗೆ ಇಲ್ಲಿ ದೊರೆಯುವ ಉತ್ತರವು ನಮ್ಮ ದೇಶಕ್ಕೆ ಸಂಬಂಧಿಸಿದ್ದು. ಇದನ್ನು ಜೀರ್ಣೋದ್ಧಾರ ಮಾಡಿ 1980ರಲ್ಲಿ ಮತ್ತೆ ತೆರೆಯಿಸಿದವರು ಭಾರತದ ದಾವೂದಿ ಬೋಹ್ರಾ ಸಮಾಜದವರು, ಅವರ ಗುರುಗಳಾದ ಸೈಯದ್ನಾ ಮೊಹಮ್ಮದ್ ಬುರ್ಹಾನುದ್ದೀನರ ನೇತೃತ್ವದಲ್ಲಿ. ಬೋಹ್ರಾ ಜನರು ತಮ್ಮ ಧರ್ಮಪರಂಪರೆಯನ್ನು ಫಾತಿಮೀ ಖಲೀಫರಿಂದ ಎಣಿಸುತ್ತಾರೆ. ಮುಂಬಯಿಯ ವ್ಯಾಪಾರಿಗಳು ಕೂಡಿಸಿದ ಹಣವು ಸಾವಿರ ವರ್ಷದ ಹಿಂದಿನ ಗೋಡೆಯನ್ನು ನಿಲ್ಲಿಸಿತು. 2023ರಲ್ಲಿಯೂ ಅವರ ನೆರವಿನಿಂದ ದುರಸ್ತಿ ಮುಗಿದು ಮಸೀದಿ ಪುನಃ ತೆರೆಯಿತು.

ಓರೆ ಗೋಡೆಯ ರೇಖಾಗಣಿತ

ಸ್ವಲ್ಪ ದೂರ ನಡೆದರೆ ಅಲ್-ಅಕ್ಮರ್ ಎಂಬ ಚಿಕ್ಕ ಮಸೀದಿ. ಕಟ್ಟಿದ ವರ್ಷ 1125. ಇದರ ಶಿಲ್ಪಿಗೆ ಒಂದು ಕಠಿಣ ಲೆಕ್ಕ ಎದುರಾಯಿತು. ಬೀದಿಯು ಒಂದು ದಿಕ್ಕಿಗೆ ಹರಿದಿದೆ. ಪ್ರಾರ್ಥನೆಯ ಸಭಾಂಗಣವಾದರೋ ಮೆಕ್ಕೆಯ ಕಡೆಗೆ, ಎಂದರೆ ಆಗ್ನೇಯಕ್ಕೆ, ಮುಖಮಾಡಿರಬೇಕು. ಎರಡು ರೇಖೆಗಳೂ ಸಮಾಂತರವಲ್ಲ. ಶಿಲ್ಪಿಯು ಹೊರಗೋಡೆಯನ್ನು ಬೀದಿಗೆ ಸಮಾಂತರವಾಗಿಯೂ ಒಳಾಂಗಣವನ್ನು ಮೆಕ್ಕೆಗೆ ಅಭಿಮುಖವಾಗಿಯೂ ಇರಿಸಿ, ನಡುವೆ ಉಳಿದ ತ್ರಿಕೋಣಾಕಾರದ ಜಾಗವನ್ನು ಗೋಡೆಯ ದಪ್ಪದಲ್ಲಿಯೂ ಸಣ್ಣ ಕೋಣೆಗಳಲ್ಲಿಯೂ ಅಡಗಿಸಿದನು. ಬೀದಿಯಲ್ಲಿ ನಿಂತವನಿಗೆ ಓರೆ ಕಾಣದು, ಒಳಗೆ ನಿಂತವನಿಗೂ ಕಾಣದು. ದೇವರ ದಿಕ್ಕು ಕೆಡಲಿಲ್ಲ, ದಾರಿಹೋಕರ ಹಾದಿಯೂ ಕೆಡಲಿಲ್ಲ.

ಕೆಳಗೆ ನೀರು, ಮೇಲೆ ಅಕ್ಷರ

ಇನ್ನು ಮುಂದೆ ಬೀದಿ ಎರಡಾಗಿ ಕವಲೊಡೆಯುವಲ್ಲಿ ಒಂದು ಪುಟ್ಟ ಕಟ್ಟಡವಿದೆ. ಅಬ್ದ್ ಅಲ್-ರಹಮಾನ್ ಕತ್ಖುದಾ ಎಂಬ ಅಧಿಕಾರಿಯು 1744ರಲ್ಲಿ ಕಟ್ಟಿಸಿದ್ದು. ಅವಸರದ ಪ್ರವಾಸಿಯು ಇದರ ಒಂದು ಚಿತ್ರ ತೆಗೆದುಕೊಂಡು ಮುಂದೆ ಹೋಗುತ್ತಾನೆ. ನಾವು ಇಲ್ಲಿಯೇ ಹೆಚ್ಚು ಹೊತ್ತು ನಿಲ್ಲಬೇಕು.

ಇಂಥ ಕಟ್ಟಡಕ್ಕೆ ಅಲ್ಲಿ ಸಬೀಲ್-ಕುತ್ತಾಬ್ ಎಂದು ಹೆಸರು. ಸಬೀಲ್ ಎಂದರೆ ನಮ್ಮ ಅರವಟ್ಟಿಗೆ. ಕುತ್ತಾಬ್ ಎಂದರೆ ನಮ್ಮ ಹಿರಿಯರು ಐಗಳ ಮಠವೆಂದು ಕರೆಯುತ್ತಿದ್ದಂಥ ಅಕ್ಷರಶಾಲೆ. ಕೆಳಗಿನ ಅಂತಸ್ತಿನಲ್ಲಿ ಲೋಹದ ಜಾಲರಿಯ ಕಿಟಕಿಗಳು. ಅವುಗಳ ಹಿಂದೆ ನಿಂತ ಆಳು ದಾರಿಹೋಕರಿಗೆ ಬಟ್ಟಲಿನಲ್ಲಿ ತಣ್ಣೀರು ಕೊಡುತ್ತಿದ್ದನು. ಮೇಲಿನ ಅಂತಸ್ತಿನಲ್ಲಿ ಗಾಳಿ ಬೆಳಕುಗಳಿಗೆ ತೆರೆದ ಜಗಲಿ. ಅಲ್ಲಿ ಅನಾಥ ಮತ್ತು ಬಡ ಹುಡುಗರು ಹಲಗೆಯ ಮೇಲೆ ಅಕ್ಷರ ತಿದ್ದುತ್ತ ಕುರಾನು ಕಲಿಯುತ್ತಿದ್ದರು.

ಆ ನಗರದಲ್ಲಿ ಮಳೆ ಬಹು ಕಡಿಮೆ. ನೈಲ್ ನದಿಯು ಹಳೆಯ ಕೋಟೆಯಿಂದ ದೂರದಲ್ಲಿ ಹರಿಯುತ್ತದೆ. ಪ್ರತಿವರ್ಷ ನದಿಗೆ ಪ್ರವಾಹ ಬಂದಾಗ ಒಂಟೆಗಳ ಮೇಲೆ ತೊಗಲಿನ ಚೀಲಗಳಲ್ಲಿ ನೀರು ತಂದು ಸಬೀಲಿನ ಅಡಿಯಲ್ಲಿಯ ನೆಲಮಾಳಿಗೆಯ ತೊಟ್ಟಿಯನ್ನು ತುಂಬಿಸುತ್ತಿದ್ದರು. 1326ರಲ್ಲಿ ಕೈರೋ ನೋಡಿದ ಪ್ರವಾಸಿ ಇಬ್ನ್ ಬತೂತನು, ಈ ನಗರದಲ್ಲಿ ಒಂಟೆಯ ಮೇಲೆ ನೀರು ಹೊರುವವರೇ 12,000 ಮಂದಿ ಇದ್ದಾರೆಂದು ಜನರು ಹೇಳುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಂಥ ಊರಿನಲ್ಲಿ ನೀರಿನ ದಾನಕ್ಕಿಂತ ಮಿಗಿಲಾದ ದಾನ ಯಾವುದು? ಅದರ ಮೇಲೆಯೇ ಅಕ್ಷರದ ದಾನವನ್ನು ಕೂಡಿಸಿದವರ ಬುದ್ಧಿ ಮೆಚ್ಚತಕ್ಕದ್ದು.

ಈಗ ಎರಡನೆಯ ಪ್ರಶ್ನೆ. ಒಂಟೆಯವನಿಗೆ ಕೂಲಿ ಕೊಟ್ಟವರು ಯಾರು? ಗುರುವಿನ ಸಂಬಳ, ಹುಡುಗರ ಬಟ್ಟೆ, ಶಾಯಿ ಮತ್ತು ಹಲಗೆಗಳ ವೆಚ್ಚ ಎಲ್ಲಿಂದ ಬಂದಿತು? ಇವೆಲ್ಲವೂ ವಕ್ಫ್ ಎಂಬ ದತ್ತಿಯಿಂದ ಬಂದುವು. ದಾನಿಯು ಹೊಲ, ಅಂಗಡಿ, ಮನೆ ಮೊದಲಾದ ಉತ್ಪನ್ನದ ಆಸ್ತಿಯನ್ನು ಶಾಶ್ವತವಾಗಿ ಬಿಟ್ಟುಕೊಟ್ಟು, ಅದರ ಆದಾಯವು ಇಂತಿಂಥ ಕೆಲಸಕ್ಕೆ ಸಲ್ಲತಕ್ಕದ್ದೆಂದು ಪತ್ರ ಬರೆಯಿಸುತ್ತಿದ್ದನು. ಆ ಆಸ್ತಿಯನ್ನು ಮಾರುವಂತಿಲ್ಲ, ಮಕ್ಕಳು ಹಂಚಿಕೊಳ್ಳುವಂತಿಲ್ಲ.

ಎರಡು ಅರಮನೆಗಳ ನಡುವೆ

ಸಬೀಲಿನಿಂದ ದಕ್ಷಿಣಕ್ಕೆ ಬೀದಿಯು ಬೈನ್ ಅಲ್-ಕಸ್ರೈನ್, ಎಂದರೆ ಎರಡು ಅರಮನೆಗಳ ನಡುವೆ, ಎಂಬ ಸ್ಥಳವನ್ನು ಸೇರುತ್ತದೆ. ಫಾತಿಮೀ ಅರಮನೆಗಳು ಎಂದೋ ಅಳಿದುವು; ಹೆಸರು ಮಾತ್ರ ಉಳಿಯಿತು. 1988ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಾದಂಬರಿಕಾರ ನಗೀಬ್ ಮಹಫೂಜರು ಇಲ್ಲಿಗೆ ಸಮೀಪದ ಗಮಾಲಿಯಾ ಕೇರಿಯಲ್ಲಿ 1911ರಲ್ಲಿ ಹುಟ್ಟಿದರು; ತಮ್ಮ ಪ್ರಸಿದ್ಧ ಕಾದಂಬರಿಯೊಂದಕ್ಕೆ ಈ ಸ್ಥಳದ ಹೆಸರನ್ನೇ ಇಟ್ಟರು.

ಅರಮನೆಯ ಜಾಗದಲ್ಲಿ ಮಮ್ಲೂಕ್ ಸುಲ್ತಾನ ಕಲಾವೂನನು 1284–85ರಲ್ಲಿ ಆಸ್ಪತ್ರೆ, ಮದ್ರಸಾ ಮತ್ತು ತನ್ನ ಗೋರಿ ಈ ಮೂರನ್ನೂ ಒಟ್ಟಿಗೆ ಕಟ್ಟಿಸಿದನು. ಕಾಯಿಲೆ ಬಿದ್ದಾಗ ದಮಾಸ್ಕಸ್ಸಿನ ಆಸ್ಪತ್ರೆಯ ಔಷಧದಿಂದ ಗುಣಹೊಂದಿದ ಅವನು, ತಾನೂ ಆಸ್ಪತ್ರೆ ಕಟ್ಟಿಸುವುದಾಗಿ ಹರಕೆ ಹೊತ್ತನೆಂದು ಇತಿಹಾಸಕಾರ ಮಕ್ರೀಜಿಯು ಬರೆದಿದ್ದಾನೆ. ಹೆಂಗಸರು, ಗಂಡಸರು, ಬಡವರು, ಬಲ್ಲಿದರು, ಊರವರು, ಪರಸ್ಥಳದವರು ಎಲ್ಲರಿಗೂ ಇಲ್ಲಿ ಚಿಕಿತ್ಸೆ ದೊರೆಯಬೇಕೆಂದು ದತ್ತಿಪತ್ರದ ವಿಧಿ. ಅದೇ ನಿವೇಶನದಲ್ಲಿ 20ನೆಯ ಶತಮಾನದಲ್ಲಿ ಕಣ್ಣಿನ ಆಸ್ಪತ್ರೆ ಕಟ್ಟಲ್ಪಟ್ಟಿತು.

ಇನ್ನೊಂದು ಮಾತನ್ನೂ ಮರೆಮಾಚಬಾರದು. ಈ ಧರ್ಮಕಾರ್ಯವು ಬೇಗ ಮುಗಿಯಬೇಕೆಂದು ದಾರಿಯಲ್ಲಿ ಹೋಗುವವರನ್ನೂ ಹಿಡಿದು ಬಿಟ್ಟಿ ದುಡಿಸಿದರೆಂದೂ, ಅನ್ಯಾಯದಿಂದ ಕಟ್ಟಿದ ಈ ಸ್ಥಳದಲ್ಲಿ ಪ್ರಾರ್ಥಿಸಲು ಕೆಲವರು ಒಪ್ಪಲಿಲ್ಲವೆಂದೂ ಅದೇ ಮಕ್ರೀಜಿಯು ತಿಳಿಸುತ್ತಾನೆ. 1364ರಿಂದ 1442ರವರೆಗೆ ಬಾಳಿದ ಈ ವಿದ್ವಾಂಸನು ಕೈರೋದ ಕೇರಿ, ಮಸೀದಿ, ಪೇಟೆಗಳನ್ನೆಲ್ಲ ವಿವರಿಸಿ ದೊಡ್ಡ ಗ್ರಂಥವನ್ನು ಬರೆದನು. ಇಂದಿನ ಮಾರ್ಗದರ್ಶಿಗಳಿಗೆಲ್ಲ ಅವನೇ ಹಿರಿಯ ಮಾರ್ಗದರ್ಶಿ. ಹೊಗಳಿಕೆಯನ್ನೂ ತೆಗಳಿಕೆಯನ್ನೂ ಒಂದೇ ಪುಟದಲ್ಲಿ ಬರೆಯುವ ಅವನ ಧೈರ್ಯವು ಇತಿಹಾಸದ ವಿದ್ಯಾರ್ಥಿಗೆ ಆದರ್ಶ.

ಈ ಆಸ್ಪತ್ರೆಯನ್ನು ವರ್ಣಿಸಲಾರೆನೆಂದ ಇಬ್ನ್ ಬತೂತನೇ ಮುಂದೆ 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದನು. ಅಲ್ಲಿ ಬಾಲಕರಿಗಾಗಿ 23 ಮತ್ತು ಬಾಲಕಿಯರಿಗಾಗಿ 13 ಶಾಲೆಗಳನ್ನು ಕಂಡೆನೆಂದೂ, ಇಂಥದನ್ನು ಬೇರೆಲ್ಲಿಯೂ ಕಂಡಿಲ್ಲವೆಂದೂ ಬರೆದನು. ಕೈರೋದ ಅಸಂಖ್ಯ ಮದ್ರಸಾಗಳನ್ನು ನೋಡಿ ಬಂದ ಕಣ್ಣು, ಕನ್ನಡ ಕರಾವಳಿಯ ಒಂದು ಊರಿನಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ಕಂಡು ಬೆರಗಾಯಿತು ಎಂಬುದು ನಮ್ಮ ಬಾಲಕಿಯರೂ ಅವರ ಪಾಲಕರೂ ನೆನಪಿಡಬೇಕಾದ ಸಂಗತಿ.

ಅಂಗಡಿಯ ಬಾಡಿಗೆ

ಮುಂದೆ ಎಡಕ್ಕೆ ಖಾನ್ ಅಲ್-ಖಲೀಲಿ ಬಜಾರು. ಅದರ ಆಚೆ 970ರಲ್ಲಿ ಸ್ಥಾಪನೆಯಾದ ಅಲ್-ಅಝ್ಹರ್. ಮಸೀದಿಯಾಗಿ ಹುಟ್ಟಿ ವಿಶ್ವವಿದ್ಯಾಲಯವಾಗಿ ಬೆಳೆದ ಆ ಸ್ಥಳದಲ್ಲಿ ದೂರದೇಶದ ವಿದ್ಯಾರ್ಥಿಗಳಿಗೆ ದೇಶವಾರು ವಸತಿಗಳಿದ್ದುವು. ಅವರ ರೊಟ್ಟಿಯೂ ದತ್ತಿಯಿಂದಲೇ ಬರುತ್ತಿತ್ತು.

ಅಡ್ಡರಸ್ತೆಯನ್ನು ದಾಟಿದರೆ ಸುಲ್ತಾನ ಅಲ್-ಗೌರಿಯ ಕಟ್ಟಡಗಳು, 16ನೆಯ ಶತಮಾನದ ಆರಂಭದವು. ಬೀದಿಯ ಒಂದು ಮಗ್ಗುಲಿಗೆ ಮದ್ರಸಾ, ಇನ್ನೊಂದು ಮಗ್ಗುಲಿಗೆ ಗೋರಿ ಮತ್ತು ಸಬೀಲ್-ಕುತ್ತಾಬ್. ತಳಪಾಯದ ಉದ್ದಕ್ಕೂ ಅಂಗಡಿಗಳು. ಮೇಲೆ ದೇವಸ್ಮರಣೆ, ಕೆಳಗೆ ವ್ಯಾಪಾರ. ಇಂಥ ಅಂಗಡಿಗಳ ಬಾಡಿಗೆಯೇ ಅಂಥ ದತ್ತಿಗಳಿಗೆ ಆಧಾರ. ನಮ್ಮ ಪಶ್ಚಿಮ ಕರಾವಳಿಯಿಂದ ಹೋದ ಮೆಣಸಿನ ವ್ಯಾಪಾರವೂ ಆ ಕಾಲದ ಕೈರೋದ ಸಿರಿಗೆ ಒಂದು ಕಾರಣವಾಗಿದ್ದಿತು. ಗೌರಿಯು 1516ರ ಯುದ್ಧದಲ್ಲಿ ಮಡಿದನು. ಅವನ ದೇಹ ಸಿಕ್ಕಲಿಲ್ಲ. ತನಗಾಗಿ ಕಟ್ಟಿಸಿದ ಗೋರಿ ಅವನಿಗೆ ದೊರೆಯಲಿಲ್ಲ. ದಾರಿಹೋಕರಿಗಾಗಿ ಕಟ್ಟಿಸಿದ ಅರವಟ್ಟಿಗೆ ದಾರಿಹೋಕರಿಗೆ ದೊರೆಯಿತು.

ಬೀದಿಯ ಕೊನೆಯಲ್ಲಿ ಬಾಬ್ ಜುವೈಲಾ. ಸುಲ್ತಾನ ಮುಅಯ್ಯದನು ದೊರೆಯಾಗುವ ಮೊದಲು ಇದರ ಬಳಿಯ ಸೆರೆಮನೆಯಲ್ಲಿ ಕೊಳೆತವನು. ಬಿಡುಗಡೆಯಾದರೆ ಈ ಸ್ಥಳವನ್ನು ವಿದ್ಯಾಸ್ಥಾನವನ್ನಾಗಿ ಮಾಡುವೆನೆಂದು ಅವನು ಹರಕೆ ಹೊತ್ತನೆಂಬ ಕಥೆಯಿದೆ. 1415ರಲ್ಲಿ ಆರಂಭಿಸಿದ ತನ್ನ ಮಸೀದಿಯ ಎರಡು ಮಿನಾರುಗಳನ್ನು ಅವನು ಹಳೆಯ ದ್ವಾರದ ಬುರುಜುಗಳ ಮೇಲೆಯೇ ನಿಲ್ಲಿಸಿದನು. ಅಲ್ಲಿಗೆ ಹತ್ತಿ ನೋಡಿದರೆ ನಾವು ನಡೆದುಬಂದ ಬೀದಿಯೆಲ್ಲ ಕಾಣುತ್ತದೆ.

ದತ್ತಿ ನಿಂತಾಗ

ಇಂಥ ಏರ್ಪಾಡು ಹೇಗೆ ಸಡಿಲಿತು? 19ನೆಯ ಶತಮಾನದ ಆರಂಭದಲ್ಲಿ ಈಜಿಪ್ತವನ್ನಾಳಿದ ಮಹಮ್ಮದ್ ಅಲಿಯು ದತ್ತಿಭೂಮಿಗಳ ಬಹುಭಾಗವನ್ನು ಸರಕಾರದ ವಶಕ್ಕೆ ತೆಗೆದುಕೊಂಡನು. ಮುಂದೆ ನಳದ ನೀರು ಬಂದಿತು, ಹೊಸ ಶಾಲೆಗಳು ಬಂದುವು. ಸಬೀಲುಗಳಿಗೆ ಕೆಲಸ ತಪ್ಪಿತು. ಕೆಲಸವೂ ಆದಾಯವೂ ತಪ್ಪಿದ ಕಟ್ಟಡದ ಮಾಡಿನಲ್ಲಿ ಬಿರುಕು ಬಿಟ್ಟರೆ ನೋಡುವವರಿರಲಿಲ್ಲ. 1881ರಲ್ಲಿ ಸ್ಮಾರಕಗಳ ರಕ್ಷಣೆಗಾಗಿ ಸಮಿತಿಯೊಂದು ಏರ್ಪಟ್ಟು ಬಹಳ ಕೆಲಸ ಮಾಡಿತು. ಆದರೂ 1992ರ ಅಕ್ಟೋಬರ 12ರಂದು ಭೂಕಂಪವಾದಾಗ ಅನೇಕ ಕಟ್ಟಡಗಳು ಜಖಂಗೊಂಡುವು. ಅನಂತರ ಸರಕಾರವೂ ಪರದೇಶದ ಸಂಸ್ಥೆಗಳೂ ಕೂಡಿ ದುರಸ್ತಿ ಕಾರ್ಯವನ್ನು ಕೈಕೊಂಡುವು.

ಸುಲ್ತಾನನು ಒಮ್ಮೆ ಮಾತ್ರ ಕಟ್ಟಿಸುತ್ತಾನೆ. ಸುಣ್ಣ, ಗಾರೆ, ಗುರುವಿನ ಸಂಬಳ, ಹುಡುಗನ ಪುಸ್ತಕ ಇವು ವರ್ಷವರ್ಷವೂ ಬೇಕು. ಆ ಸಣ್ಣ ವೆಚ್ಚ ನಿಂತ ವರ್ಷದಿಂದಲೇ ದೊಡ್ಡ ಕಟ್ಟಡದ ಪತನ ಆರಂಭವಾಗುತ್ತದೆ.

ಪಾಲಕರೆ, ಗಡಿನಾಡಿನ ನಮ್ಮ ಕನ್ನಡ ಶಾಲೆಯೂ ಇಂಥದೇ ಒಂದು ಅರವಟ್ಟಿಗೆ. ಇದರ ಗೋಡೆಗಳನ್ನು ಯಾರೋ ಹಿರಿಯರು ಕಟ್ಟಿಸಿಕೊಟ್ಟರು. ಅದನ್ನು ನಡೆಸುವ ಭಾರವು ವಾರ್ಷಿಕ ವಂತಿಗೆ ಕೊಡುವವರ ಮೇಲೆಯೂ, ಅದಕ್ಕಿಂತ ಮಿಗಿಲಾಗಿ, ತಮ್ಮ ಮಕ್ಕಳನ್ನು ಇಲ್ಲಿಗೆ ಕಳುಹಿಸುವವರ ಮೇಲೆಯೂ ಇದೆ. ನೀರು ಕುಡಿಯುವವರು ಬಾರದಿದ್ದರೆ ತುಂಬಿದ ತೊಟ್ಟಿಯಿಂದ ಫಲವಿಲ್ಲ.

ಅಭ್ಯಾಸ

1. ಭೂಪಟದಲ್ಲಿ ಕೈರೋ, ಮೆಕ್ಕಾ, ದಮಾಸ್ಕಸ್, ಹೊನ್ನಾವರಗಳನ್ನು ಗುರುತಿಸಿರಿ.

2. ಅಲ್-ಅಕ್ಮರ್ ಮಸೀದಿಯಂತೆ, ಸಮಾಂತರವಲ್ಲದ ಎರಡು ರೇಖೆಗಳನ್ನು ಎಳೆದು, ಒಂದರ ಮೇಲೆ ಹೊರಗೋಡೆಯನ್ನೂ ಇನ್ನೊಂದರ ಮೇಲೆ ಒಳಾಂಗಣವನ್ನೂ ಬರೆಯಿರಿ. ನಡುವೆ ಉಳಿಯುವ ಆಕೃತಿ ಯಾವುದು?

3. ಕಲಾವೂನನ ಆಸ್ಪತ್ರೆಯ ವಿಷಯದಲ್ಲಿ ಮಕ್ರೀಜಿಯು ಬರೆದ ಎರಡು ಮಾತುಗಳಲ್ಲಿ ಒಂದನ್ನು ಮಾತ್ರ ಉಳಿಸಿದ್ದರೆ ನಮ್ಮ ತಿಳುವಳಿಕೆಗೆ ಏನು ಕೊರತೆಯಾಗುತ್ತಿತ್ತು?

4. ನಿಮ್ಮ ಊರಿನ ಹಳೆಯ ಬಾವಿ, ಛತ್ರ, ಮಠ, ಗುಡಿ, ದರ್ಗಾ, ಶಾಲೆ ಇವುಗಳಲ್ಲಿ ಒಂದನ್ನು ಆರಿಸಿಕೊಂಡು, ಪಾಠದ ಮೂರು ಪ್ರಶ್ನೆಗಳನ್ನು ಮನೆಯ ಹಿರಿಯರಿಗೆ ಕೇಳಿ, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದು ತನ್ನಿರಿ.