ಮೈಲಾರದ ಬಿಲ್ಲು, ಸಣ್ಣಕತೆಯ ಹಂದರ

ಕೂಡ್ಲಿಗಿ, ಕೊಟ್ಟೂರು ಕಡೆ ‘ಪ್ಲಾಟ್’ ಅಂದರೆ ಮೂವತ್ತು-ನಲವತ್ತರ ಸೈಟು. ಕತೆಯ ಪ್ಲಾಟ್‌ಗೆ ನಾವು ಇಟ್ಟುಕೊಂಡಿರುವ ಮಾತು ಇನ್ನೂ ಚೆಂದ: ಹಂದರ. ಮದುವೆಮನೆ ಮುಂದೆ ಹಾಕುವ ಅದೇ ಹಂದರ. ಬೀಗರು ನೆರಳಲ್ಲಿ ಕೂತು ಉಂಡು ಹೋಗುತ್ತಾರೆ, ಗಂಬ ಎಲ್ಲೆಲ್ಲಿ ನೆಟ್ಟಿದೆ ಅಂತ ಯಾರೂ ಎಣಿಸುವುದಿಲ್ಲ. ನೆಟ್ಟವನಿಗೆ ಮಾತ್ರ ಲೆಕ್ಕ ಗೊತ್ತಿರಬೇಕು.

1. ‘ಆಮೇಲೆ’ ಅಳಿಸಿ, ‘ಅದಕ್ಕೇ’ ಬರೆಯಿರಿ

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಸೇರಿತು, ಆಮೇಲೆ ಬಳ್ಳಾರಿಗೆ ವಾಪಸಾಯಿತು, ಆಮೇಲೆ 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಇದು ಕಚೇರಿಯ ಕಡತ. ಈಗ ಹೀಗೆ ನೋಡಿ: ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸವಲತ್ತಿನ 371(ಜೆ) ವಿಧಿ ಬಂದಾಗ ಹರಪನಹಳ್ಳಿ ಅದರ ಹೊರಗಿನ ದಾವಣಗೆರೆಯಲ್ಲಿತ್ತು, ಅದಕ್ಕೇ ಸವಲತ್ತು ತಪ್ಪಿತು, ಅದಕ್ಕೇ ಜನ ಹೋರಾಟಕ್ಕೆ ಇಳಿದರು, ಅದಕ್ಕೇ ತಾಲ್ಲೂಕು ಬಳ್ಳಾರಿಗೆ ವಾಪಸಾಯಿತು. ತಾಲ್ಲೂಕು ಅದೇ, ಅಲೆದಾಟ ಅದೇ, ಆದರೆ ಈಗ ಒಂದರ ಬಾಲವನ್ನು ಇನ್ನೊಂದು ಕಚ್ಚಿದೆ.

2. ಒಂದೇ ಪ್ರಶ್ನೆ ನೆಡಿ, ಉತ್ತರ ತಡೆಹಿಡಿಯಿರಿ

ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಜನ ಕಾಫಿ ಸೀಮೆಗೋ ಬೆಂಗಳೂರಿಗೋ ಗುಳೆ ಹೋಗುತ್ತಾರೆ. ಈ ವಿಷಯವಾಗಿ ಬರೆಯಲು ಹೊರಟವರು ಮೊದಲ ಪುಟದಲ್ಲೇ ಬರಗಾಲದ ಭಾಷಣ ಸುರು ಮಾಡುತ್ತಾರೆ. ಅದು ವರದಿಯಾದೀತು, ಕತೆಯಾಗದು.

ನಾನಾದರೆ ಒಬ್ಬ ಮುದುಕಿಯನ್ನು ಮನೆಯ ಹೊರಗಿನ ಕಟ್ಟೆ ಮೇಲೆ ಕೂರಿಸುತ್ತೇನೆ. ಮಗ, ಸೊಸೆ, ಮೊಮ್ಮಕ್ಕಳು ಗುಳೆ ಹೋಗಿದ್ದಾರೆ. ಬಾಗಿಲಿಗೆ ಬೀಗ ಇದೆ, ಬೀಗದ ಕೈ ಅವಳ ಸೆರಗಿನ ತುದಿಯ ಗಂಟಿನಲ್ಲೇ ಇದೆ. ಆದರೂ ರಾತ್ರಿ ಅವಳು ಕಟ್ಟೆ ಮೇಲೇ ಮಲಗುತ್ತಾಳೆ. ಕೇಳಿದವರಿಗೆ, “ಒಳಗ ಭಾಳ ಸೆಕಿ ಬಿಡವ್ವ” ಅನ್ನುತ್ತಾಳೆ. ಮಾಗಿ ಚಳಿಯಲ್ಲಿ!

ಯಾಕೆ? ಆ ಒಂದು ಪ್ರಶ್ನೆ ಸಾಕು, ಹತ್ತು ಪುಟದ ಭಾರ ಹೊರುತ್ತದೆ.

3. ಸಾರಥಿಯನ್ನು ಮನೆಗೆ ಕಳಿಸಿ

ಬಯಲಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಅಡ್ಡ ನಿಂತು ನೀನ್ಯಾರು, ಬಂದ ಕಾರಣವೇನು ಅಂತ ವಿಚಾರಿಸುತ್ತಾನೆ. ಬೆಳತನಕ ಆಡುವ ಆಟಕ್ಕೆ ಅದು ಒಪ್ಪುತ್ತದೆ. ಸಣ್ಣಕತೆಗೆ ಅಷ್ಟು ಪುರುಸೊತ್ತು ಎಲ್ಲಿ? ಮುದುಕಿಯ ವಯಸ್ಸು, ಕುಲ, ಗಂಡ ಸತ್ತ ವರ್ಷ ಯಾವುದೂ ಬೇಡ. ಅವಳು ದಿನಕ್ಕೆ ಎರಡು ಸಲ ಸೆರಗಿನ ಗಂಟು ಮುಟ್ಟಿ ನೋಡಿಕೊಂಡರೆ ಪರಿಚಯ ಮುಗಿಯಿತು.

4. ಕೊನೆ ಗೊತ್ತಾದರೆ ಕತೆ ಸಾಯುವುದಿಲ್ಲ

1953ರಲ್ಲಿ ಕೊಟ್ಟೂರಿನಲ್ಲಿ ಹುಟ್ಟಿ, ಆಂಧ್ರದ ಹಳ್ಳಿಗಳಲ್ಲಿ ಮೇಷ್ಟರಾಗಿದ್ದ ಕುಂ. ವೀರಭದ್ರಪ್ಪನವರ ಒಂದು ಕತೆಯ ಹೆಸರು ‘ಕೊಟ್ರ ಹೈಸ್ಕೂಲಿಗೆ ಸೇರಿದ್ದು’. ನಾಗತಿಹಳ್ಳಿ ಚಂದ್ರಶೇಖರ್ ಅದನ್ನೇ ‘ಕೊಟ್ರೇಶಿ ಕನಸು’ ಸಿನಿಮಾ ಮಾಡಿದರು. ಏನಾಯಿತು ಅನ್ನುವುದನ್ನು ಕತೆಯ ಹೆಸರೇ ಡಂಗುರ ಹೊಡೆದಿದೆ. ಇನ್ನು ಓದುಗ ಕೂರುವುದು ಹೇಗಾಯಿತು, ಏನು ತೆತ್ತು ಆಯಿತು ಅನ್ನುವುದಕ್ಕೆ. ಕೊನೆಯ ಸಾಲಿನ ತಿರುವನ್ನೇ ನಂಬಿಕೊಂಡ ಕತೆಯನ್ನು ಎರಡನೇ ಸಲ ಓದಲು ಆಗುವುದಿಲ್ಲ. ನನ್ನ ಮಟ್ಟಿಗೆ ಎರಡನೇ ಓದೇ ಪರೀಕ್ಷೆ.

5. ಲಾರಿ ತರಬೇಡಿ

ಕತೆ ಸಿಕ್ಕುಹಾಕಿಕೊಂಡಾಗ ಲಾರಿ ಗುದ್ದುತ್ತದೆ, ಇಲ್ಲವೇ ಹಾವು ಕಚ್ಚುತ್ತದೆ, ಇಲ್ಲವೇ ಕಳೆದುಹೋದ ಅಣ್ಣ ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಸಿಗುತ್ತಾನೆ. ಆಕಸ್ಮಿಕ ತೊಂದರೆ ತರಲಿ, ಬೇಡವೆನ್ನುವುದಿಲ್ಲ. ಬಿಡಿಸಲು ಮಾತ್ರ ಅದನ್ನು ಕರೆಯಬೇಡಿ.

6. ಬಿಲ್ಲು ಏರಿ, ಒಂದು ಮಾತು ಹೇಳಿ, ಕೈಬಿಡಿ

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ. ಡೆಂಕನಮರಡಿಯಲ್ಲಿ ಲಕ್ಷಗಟ್ಟಲೆ ಜನ, ಭಂಡಾರದ ಹಳದಿ, ಡಮರುಗದ ಸದ್ದು. ದಿನಗಟ್ಟಲೆ ಉಪವಾಸ ಇದ್ದ ದೇವರ ಭಕ್ತ ಗೊರವಯ್ಯ ಎತ್ತರದ ಬಿಲ್ಲನ್ನು ಸರಸರ ಏರುತ್ತಾನೆ. ತುದಿಯಲ್ಲಿ ನಿಂತು “ಸದ್ದಲೇ” ಅನ್ನುತ್ತಾನೆ. ಅಷ್ಟೂ ಜನ ಗಪ್‌ಚುಪ್. ಒಂದೇ ವಾಕ್ಯದ ಕಾರ್ಣಿಕ, ಅಂದರೆ ಭವಿಷ್ಯವಾಣಿ, ನುಡಿದು ಕೈಬಿಟ್ಟು ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ.

ಗಮನಿಸಿ: ಉಪವಾಸ ಉದ್ದ, ಏರುವುದು ಬೇಗ, ಮಾತು ಗಿಡ್ಡ. ಅರ್ಥ ಹೇಳಲು ಅವನು ಮತ್ತೆ ಬಿಲ್ಲು ಏರುವುದಿಲ್ಲ. ಮಳೆಯೋ, ಬೆಳೆಯೋ, ವಿಧಾನಸೌಧದ ಕುರ್ಚಿಯೋ ಅಂತ ಜನ ಚಹಾದಂಗಡಿಯಲ್ಲಿ ಚರ್ಚಿಸಿಕೊಳ್ಳುತ್ತಾರೆ. ಸಣ್ಣಕತೆಯ ಶಿಖರ ಹೇಗಿರಬೇಕು ಅಂತ ಇದಕ್ಕಿಂತ ಚೊಕ್ಕವಾಗಿ ತೋರಿಸಿದ ಪಠ್ಯ ನಾನು ಕಂಡಿಲ್ಲ. ನಮ್ಮಲ್ಲಿ ಬಹಳ ಕತೆಗಾರರು ಬಿದ್ದ ಮೇಲೂ ಮಾತಾಡುತ್ತಲೇ ಇರುತ್ತಾರೆ.

ಮುದುಕಿಗೆ ಬರೋಣ. ಆ ಬೀಗದ ಕೈ ಆ ಬೀಗದ್ದಲ್ಲ. ಅವ್ವ ಮಗಳ ಮನೆಗೆ ಹೋಗಿಬಿಡಲಿ ಅಂತ ಮಗ ಯಾವುದೋ ಹಳೇ ಕೈ ಕೊಟ್ಟು ಹೋಗಿದ್ದಾನೆ. ಮೊದಲ ರಾತ್ರಿಯೇ ಅವಳಿಗೆ ಗೊತ್ತಾಗಿದೆ. ಮಗನ ಮಾನ ಹೋಗಬಾರದು ಅಂತ ಸೆಕೆಯ ಸುಳ್ಳು.

ಯುಗಾದಿಗೆ ಮಗ ಬರುತ್ತಾನೆ. ಓಣಿಯವರೆಲ್ಲ ಮಾತಾಡಿಸಲು ನೆರೆದಿದ್ದಾರೆ. ಅವನ ಕೈ ಜೇಬಿಗೆ ಹೋಗುವಷ್ಟರಲ್ಲಿ ಮುದುಕಿ ಸೆರಗಿನ ಗಂಟು ಬಿಚ್ಚಿ, “ತಗಾಳಪ್ಪ, ಜ್ವಾಪಾನ ಮಾಡೀನಿ” ಅಂತ ಎಲ್ಲರೆದುರು ಕೈ ಚಾಚುತ್ತಾಳೆ.

ಅವನು ಅದನ್ನು ಬೀಗಕ್ಕೆ ಹಾಕಿದನೋ ಇಲ್ಲವೋ, ನಾನು ಬರೆಯುವುದಿಲ್ಲ.