ಭೃತ್ಯಾಚಾರ: ಮಕ್ಕಳ ಮೊದಲ ಪಾಠ

ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಎಂಬ ಐದು ಆಚಾರಗಳು ವೀರಶೈವ ಜೀವನಕ್ಕೆ ಪ್ರಾಣಪ್ರಾಯವಾದವುಗಳು. ಇವುಗಳಲ್ಲಿ ಭೃತ್ಯಾಚಾರವೆಂದರೆ ತಾನು ಸಕಲ ಶಿವಭಕ್ತರ ಸೇವಕನೆಂಬ ಭಾವದಿಂದ ವಿನಯಶೀಲನಾಗಿ ನಡೆಯುವುದು. ಹಿರಿಯರಿಗೇ ಕಠಿನವೆನಿಸುವ ಈ ಆಚಾರವನ್ನು ಎಳೆಯ ಮಕ್ಕಳಲ್ಲಿ ನೆಲೆಗೊಳಿಸುವ ಬಗೆ ಹೇಗೆ?

ಉತ್ತರವು ಶರಣರ ಹೆಸರುಗಳಲ್ಲಿಯೇ ಅಡಗಿದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ: ಲೋಕವು ಕೀಳೆಂದು ಕಂಡ ಕಾಯಕದವರ ಹೆಸರಿಗೂ ಗೌರವದ 'ಅಯ್ಯ' ಸೇರಿತು. ಸನ್ಮಾನದ ಕರೆಯಲ್ಲಿ ಸ್ವರ್ಗವನ್ನೂ ತಿರಸ್ಕಾರದ ಕರೆಯಲ್ಲಿ ನರಕವನ್ನೂ ಬಸವಣ್ಣನವರು ಕಂಡರು. ಆದಕಾರಣ ಮಗುವಿನ ಶಿಷ್ಟಾಚಾರವು ಪರರನ್ನು ಕರೆಯುವ ಮಾತಿನಿಂದಲೇ ಆರಂಭವಾಗಬೇಕು.

ಆದರೆ ಮಗುವು ಈ ಮಾತನ್ನು ಕಲಿಯುವುದು ಉಪದೇಶದಿಂದಲ್ಲ, ಅನುಕರಣದಿಂದ. ನಾಲ್ಕು ವರ್ಷದ ಬಾಲಕನೊಬ್ಬನು ಹೊಲದ ಕೆಲಸಕ್ಕೆ ಬಂದ ವೃದ್ಧನನ್ನು ನೆಂಟರ ಎದುರಿನಲ್ಲಿ 'ಲೇ' ಎಂದು ಕರೆದನೆಂದು ಭಾವಿಸಬಹುದು. ಮರ್ಯಾದೆ ಹೋಯಿತೆಂದು ತಂದೆ ಮಗನಿಗೆ ಹೊಡೆಯುತ್ತಾನೆ. ಆ ಮಾತಾದರೂ ಬಾಲಕನದಲ್ಲ. ದಿನವೂ ತಂದೆಯ ಬಾಯಿಂದ ಕೇಳಿದುದು. ಪೆಟ್ಟಿನಿಂದ ಅವನು ಕಲಿಯುವುದು ವಿನಯವನ್ನಲ್ಲ. ನೆಂಟರಿರುವಾಗ ಒಂದು ನಾಲಗೆ, ಇಲ್ಲದಿರುವಾಗ ಇನ್ನೊಂದು ನಾಲಗೆ ಎಂಬ ಕಪಟವನ್ನು. ತಂದೆಯು ಮಗನ ಕೈಹಿಡಿದು ಹೋಗಿ, "ಅಜ್ಜಾ, ಇದು ನನ್ನಿಂದಲೇ ಕಲಿತ ಮಾತು, ತಪ್ಪಾಯಿತು" ಎಂದು ಹೇಳಿದರೆ ಅದೇ ನಿಜವಾದ ಪಾಠ. ಲೋಕದ ಡೊಂಕನ್ನು ತಿದ್ದುವ ಮುನ್ನ ತನ್ನ ತನುಮನಗಳನ್ನು ತಿದ್ದಿಕೊಳ್ಳಬೇಕೆಂಬ ಬಸವಣ್ಣನವರ ಬೋಧೆ ತಾಯಿತಂದೆಗಳಿಗೂ ಸಲ್ಲುತ್ತದೆ.

ಮಗುವಿಗೂ ಗೌರವ ಸಲ್ಲಬೇಕು. ಹುಟ್ಟಿದ ಶಿಶುವಿಗೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯವುಳ್ಳವರು, ಅದೇ ಶಿಶುವನ್ನು 'ದರಿದ್ರ', 'ಶನಿ' ಎಂದು ಜರೆಯುವುದು ಯಾವ ನ್ಯಾಯ? ಚೆನ್ನಬಸವಣ್ಣನವರು ವಯಸ್ಸಿನಲ್ಲಿ ಕಿರಿಯರು, ಸೋದರಳಿಯ. ಆದರೂ ಬಸವಣ್ಣನವರು ಅವರ ಜ್ಞಾನವನ್ನು ಮನ್ನಿಸಿದರು. ಹರಳಯ್ಯನವರು ಒಮ್ಮೆ 'ಶರಣು' ಎಂದರೆ ಬಸವಣ್ಣನವರು 'ಶರಣು ಶರಣಾರ್ಥಿ' ಎಂದು ಹೆಚ್ಚಾಗಿಯೇ ಮರಳಿಸಿದರೆಂಬ ಕಥೆಯು ಪ್ರಸಿದ್ಧವಾಗಿದೆ. ಮಗುವು ಕೈಮುಗಿದಾಗ ಹಿರಿಯರು ನೋಡದವರಂತೆ ಹೋದರೆ, ಆ ಎಳೆಯ ಕೈಗಳು ಮತ್ತೆ ಜೋಡಿಸಲು ಹಿಂಜರಿಯುತ್ತವೆ.

ಕೋಪದ ವಿಷಯವೂ ಹೀಗೆಯೇ. ಭಾವವನ್ನು ತಡೆಯುವ ಶಕ್ತಿಯು ಮಿದುಳಿನಲ್ಲಿ ಬಹು ನಿಧಾನವಾಗಿ, ಇಪ್ಪತ್ತರ ವಯಸ್ಸು ದಾಟುವವರೆಗೂ ಬಲಿಯುತ್ತಾ ಹೋಗುತ್ತದೆ. ಆಟಿಕೆಗಾಗಿ ತಂಗಿಯನ್ನು ನೂಕಿ ಅಳುವ ಮಗುವು ದುಷ್ಟನಲ್ಲ. ತನ್ನೊಳಗಿನ ಬಿರುಗಾಳಿಗೆ ಹೆಸರು ತಿಳಿಯದವನು. "ನಿನಗೆ ಸಿಟ್ಟು ಬಂದಿದೆಯಪ್ಪಾ, ಆದರೆ ಹೊಡೆಯಬಾರದು" ಎಂದು ತಾಯಿ ಪಕ್ಕದಲ್ಲಿ ಕುಳಿತು ಶಾಂತವಾಗಿ ಹೇಳಬೇಕು. ಅಳು ನಿಂತ ಬಳಿಕ, "ತಂಗಿಗೆ ಎಷ್ಟು ನೋವಾಯಿತು, ನೋಡು" ಎಂದು ತೋರಿಸಬೇಕು. ಪರರ ನೋವನ್ನು ಅರಿಯುವುದೇ ದಯೆಯ ಅಂಕುರ. ದಯೆಯಿಲ್ಲದೆ ಧರ್ಮವಿಲ್ಲವೆಂಬುದು ಶರಣರ ಸಿದ್ಧಾಂತ.

ಹಂಚಿ ಉಣ್ಣುವುದನ್ನು ಪ್ರಸಾದದ ಪಂಕ್ತಿಯು ಕಲಿಸುತ್ತದೆ. ಎಲ್ಲರಿಗೂ ಬಡಿಸುವ ತನಕ ಕಾಯುವುದು, ಬೇಕಾದಷ್ಟೇ ನೀಡಿಸಿಕೊಳ್ಳುವುದು, ಎಲೆಯಲ್ಲಿ ಉಳಿಸದಿರುವುದು: ಇವು ಪ್ರಸಾದವನ್ನು ಗೌರವಿಸುವ ವಿಧಿಗಳೂ ಹೌದು, ಶಿಷ್ಟಾಚಾರವೂ ಹೌದು. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಬೆಳೆಸಿದ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಜಾತಿಮತಭೇದವಿಲ್ಲದೆ ಒಟ್ಟಿಗೆ ಪ್ರಾರ್ಥಿಸಿ ಒಟ್ಟಿಗೆ ಉಣ್ಣುವುದು ಈ ತತ್ತ್ವದ ಸಜೀವ ರೂಪ. ಮನೆಯಲ್ಲಿಯೂ ಹಸಿದು ಬಂದವರಿಗೆ ಮಗುವಿನ ಕೈಯಿಂದಲೇ ನೀಡಿಸಬೇಕು. ಕೊಟ್ಟ ಕೈಗೆ ಕಸಿಯುವ ಬುದ್ಧಿ ಬೇಗ ಬಾರದು.

ಇಷ್ಟಕ್ಕೂ ಹೆಚ್ಚಿನ ವೆಚ್ಚವಾಗಲಿ ವಿದ್ವತ್ತಾಗಲಿ ಬೇಡ. ಹಿರಿಯರ ನಾಲಗೆಯ ಮೇಲೆ ಎಚ್ಚರವಿದ್ದರೆ ಸಾಕು. ಸಂಜೆಯ ಲಿಂಗಪೂಜೆಯಾದ ಮೇಲೆ ಗೃಹಸ್ಥರು ಒಂದು ಕ್ಷಣ ಕಣ್ಮುಚ್ಚಿ, ಆ ದಿನ ಮಗುವಿನ ಕಿವಿಗೆ ಬಿದ್ದ ತಮ್ಮ ಮಾತುಗಳನ್ನು ನೆನೆಯಲಿ. ಅವೇ ಮಾತುಗಳು ನಾಳೆ ಮಗುವಿನ ಬಾಯಿಂದ ಹೊರಬೀಳುತ್ತವೆ.