ಮುಂಬಯಿ ಹೊರವಲಯದ ಕನ್ನಡಿಗರು: ಹಂಚಿಕೆ ಮತ್ತು ಸಂಯೋಜನೆ

ಮಾನವ ಭೂಗೋಳವು ಜನಸಂಖ್ಯೆಯನ್ನು ಮುಖ್ಯವಾಗಿ ಎರಡು ನೆಲೆಗಳಲ್ಲಿ ಪರಿಶೀಲಿಸುತ್ತದೆ. ಜನರು ಎಲ್ಲೆಲ್ಲಿ, ಎಷ್ಟು ಪ್ರಮಾಣದಲ್ಲಿ ನೆಲೆಸಿದ್ದಾರೆ ಎಂಬುದು ಹಂಚಿಕೆ. ಅವರ ಲಿಂಗ, ವಯಸ್ಸು, ವೃತ್ತಿ, ಭಾಷೆಗಳ ಸ್ವರೂಪವೇನು ಎಂಬುದು ಸಂಯೋಜನೆ. ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿಯ ಕನ್ನಡಿಗರ ವಿಷಯದಲ್ಲಿ ಹಂಚಿಕೆಯ ಕಾರಣಗಳು ಸ್ಪಷ್ಟವಾಗಿವೆ. ಸಂಯೋಜನೆಯನ್ನು ಅರಿಯಲು ಮಾತ್ರ ಜನಗಣತಿಯ ಅಂಕಿಗಳು ಸಾಲವು.

ಈ ಪ್ರದೇಶದ ಜನವಸತಿಯನ್ನು ರೂಪಿಸಿದ ಪ್ರಬಲ ಶಕ್ತಿ ರೈಲುಮಾರ್ಗ. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಥಾಣೆಯನ್ನು ತಲುಪಿತು. ಮರುವರ್ಷ ಮಾರ್ಗವು ಕಲ್ಯಾಣಕ್ಕೆ ವಿಸ್ತರಿಸಿತು. ೧೯೭೦ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯು ಖಾರಿಯ ಆಚೆ ನವಿಮುಂಬಯಿಯನ್ನು ಕಟ್ಟಿತು. ೧೯೯೨ರಲ್ಲಿ ರೈಲು ವಾಶಿಯನ್ನು ಮುಟ್ಟಿತು. ನಗರದಲ್ಲಿ ಮನೆಯ ಬೆಲೆ ಏರಿದಂತೆ ಜನರು ಈ ಮಾರ್ಗಗಳನ್ನನುಸರಿಸಿ ಹೊರಗೆ ಸರಿದರು. ೨೦೦೧ರಿಂದ ೨೦೧೧ರ ಅವಧಿಯಲ್ಲಿ ಮುಂಬಯಿ ನಗರ ಜಿಲ್ಲೆಯ ಜನಸಂಖ್ಯೆ ೩೩.೩೮ ಲಕ್ಷದಿಂದ ೩೦.೮೫ ಲಕ್ಷಕ್ಕೆ ಇಳಿಯಿತು. ಅಂದಿನ ಅವಿಭಜಿತ ಥಾಣೆ ಜಿಲ್ಲೆಯದು ೮೧.೩೧ ಲಕ್ಷದಿಂದ ೧೧೦.೬೦ ಲಕ್ಷಕ್ಕೇರಿ ದೇಶದಲ್ಲೇ ಅತ್ಯಧಿಕವೆನಿಸಿತು. ೨೦೧೪ರಲ್ಲಿ ಪಾಲ್ಘರ್ ಜಿಲ್ಲೆ ಇದರಿಂದ ಬೇರ್ಪಟ್ಟಿತು. ಕನ್ನಡಿಗರೂ ಈ ಪ್ರವಾಹದೊಡನೆಯೇ ಸಾಗಿದರು.

ಆದರೆ ಅವರೆಲ್ಲರೂ ಒಂದೇ ಮೂಲದವರಲ್ಲ. ೧೯೫೬ರವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಆ ಭಾಗದ ಜನರಿಗೆ ಮುಂಬಯಿ ತಮ್ಮದೇ ರಾಜಧಾನಿಯಾಗಿತ್ತು. ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದರೂ ಕರಾವಳಿಯ ತರುಣರು ಹೋಟೆಲು ಕೆಲಸವನ್ನರಸಿ ಇಲ್ಲಿಗೆ ಬಂದರು; ಹಗಲು ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತರು. ಸಂಸಾರ ಹೂಡಿದ ಮೇಲೆ ಅನೇಕರು ಡೊಂಬಿವಲಿ, ಥಾಣೆಗಳಲ್ಲಿ ಮನೆ ಮಾಡಿದರು. ನವಿಮುಂಬಯಿಯ ಕಟ್ಟಡ ಕಾಮಗಾರಿಗಳು ಉತ್ತರ ಕರ್ನಾಟಕದ ಶ್ರಮಿಕ ಕುಟುಂಬಗಳನ್ನು ಸೆಳೆದವು. ೨೦೧೧ರಲ್ಲಿ ಸಾವಿರ ಪುರುಷರಿಗೆ ಮುಂಬಯಿ ನಗರ ಜಿಲ್ಲೆಯಲ್ಲಿ ೮೩೨, ಥಾಣೆ ಜಿಲ್ಲೆಯಲ್ಲಿ ೮೮೬ ಸ್ತ್ರೀಯರಿದ್ದರು. ಇದು ಎಲ್ಲ ಭಾಷಿಕರನ್ನೂ ಒಳಗೊಂಡ ಲೆಕ್ಕ. ಆದರೂ ಒಂಟಿ ದುಡಿಮೆಗಾರರ ನಗರಕ್ಕೂ ಕುಟುಂಬಗಳ ಹೊರವಲಯಕ್ಕೂ ಇರುವ ಅಂತರವನ್ನು ಇದು ಸೂಚಿಸುತ್ತದೆ.

ಭಾಷೆಯ ಅಂಕಣದಲ್ಲಿ ಪ್ರಶ್ನೆ ಜಟಿಲವಾಗುತ್ತದೆ. ಬಾಲ್ಯದಲ್ಲಿ ತಾಯಿ ಆಡಿದ ಭಾಷೆಯನ್ನು ಜನಗಣತಿಯು ಮಾತೃಭಾಷೆಯೆಂದು ದಾಖಲಿಸುತ್ತದೆ. ಅದರ ಹೊರತು ಬಲ್ಲ ಭಾಷೆಗಳಲ್ಲಿ ಎರಡನ್ನು ಮಾತ್ರ ಬರೆದುಕೊಳ್ಳುತ್ತದೆ. ೨೦೧೧ರಲ್ಲಿ ದೇಶದಾದ್ಯಂತ ಕನ್ನಡವನ್ನು ೪,೩೭,೦೬,೫೧೨ ಜನರು, ತುಳುವನ್ನು ೧೮,೪೬,೪೨೭ ಜನರು ಮಾತೃಭಾಷೆಯೆಂದು ಹೇಳಿದರು. ಉಡುಪಿ ಮೂಲದ ಡೊಂಬಿವಲಿ ನಿವಾಸಿಯೊಬ್ಬನು ತುಳುವನ್ನು ಮಾತೃಭಾಷೆಯಾಗಿಯೂ ಮರಾಠಿ, ಹಿಂದಿಗಳನ್ನು ಇತರ ಭಾಷೆಗಳಾಗಿಯೂ ಹೇಳಿದನೆನ್ನೋಣ. ಆತ ಕನ್ನಡ ಶಾಲೆಯಲ್ಲಿ ಓದಿ, ಕನ್ನಡ ಸಂಘದಲ್ಲಿ ದುಡಿದು, ಯಕ್ಷಗಾನ ತಾಳಮದ್ದಳೆಯಲ್ಲಿ ಅರ್ಥ ಹೇಳುವವನಾಗಿದ್ದರೂ ಕನ್ನಡದ ಯಾವ ಲೆಕ್ಕಕ್ಕೂ ಬಾರನು. ಕೊಂಕಣಿ ಮನೆಮಾತಿನವರ ಸ್ಥಿತಿಯೂ ಇದೇ. ಇದಕ್ಕೆ ಪ್ರತಿಯಾಗಿ, ಕನ್ನಡ ಮನೆಮಾತಿನ ಮನೆಯಲ್ಲಿ ಹುಟ್ಟಿ ಕನ್ನಡ ಲಿಪಿಯನ್ನೇ ಅರಿಯದ ಮಗು ಕನ್ನಡದ ಲೆಕ್ಕದಲ್ಲಿ ಸೇರುತ್ತದೆ.

ಹೀಗಾಗಿ ಹೊರನಾಡ ಕನ್ನಡದ ಅಳತೆಗೆ ಮಾತೃಭಾಷೆಯ ಅಂಕಿಯೊಂದೇ ಸಾಕಾಗದು. ಮನೆಮಾತು, ಓದುವ ಭಾಷೆ, ಸಂಘಟನೆಯ ಭಾಷೆ ಎಂಬ ಮೂರನ್ನೂ ಬೇರೆಬೇರೆಯಾಗಿ, ತಲೆಮಾರುವಾರು ಸಂಗ್ರಹಿಸಬೇಕು. ೨೦೨೧ರಲ್ಲಿ ನಡೆಯಬೇಕಿದ್ದ ಗಣತಿ ಮುಂದೂಡಲ್ಪಟ್ಟಿತು. ಈ ನಡುವೆ ರಾತ್ರಿಶಾಲೆಯಲ್ಲಿ ಕಲಿತ ತಲೆಮಾರು ವಿರಳವಾಗುತ್ತಿದೆ. ಅವರ ಕನ್ನಡವು ಮಕ್ಕಳಿಗೆ ದಾಟಿದೆಯೇ ಎಂಬುದನ್ನು ಮನೆಮನೆಯ ಸಮೀಕ್ಷೆಯಿಂದ ಮಾತ್ರ ಅರಿಯಬಹುದು. ಆ ಕಾರ್ಯಕ್ಕೆ ಕನ್ನಡದ ವಿದ್ಯಾರ್ಥಿಗಳೂ ಭೂಗೋಳದ ವಿದ್ಯಾರ್ಥಿಗಳೂ ಒಟ್ಟಾಗಿ ತೊಡಗುವುದು ಅವಶ್ಯ.